ಹೊರಗಿನಿಂದ ಗೇಮ್ ತರಿಸೋದಾ, ಇಲ್ಲಿ ಬರೋವರೆಗೆ ಕಾಯೋದಾ?

ಈ ಸಲದ ಪ್ರಶ್ನೋತ್ತರ ಪೂರ್ತಿ ಇಂಪೋರ್ಟ್ ಗೇಮ್‌ಗಳದ್ದು. ಒಂದೇ ತರಹದ ಪತ್ರಗಳನ್ನು ಸೇರಿಸಿ ಒಂದೊಂದು ಪ್ರಶ್ನೆ ಮಾಡಿದ್ದೇನೆ. ಮೊದಲನೆಯ ಉತ್ತರ ಜಾಸ್ತಿ ಉದ್ದವಾಗಿದೆ, ಏಕೆಂದರೆ ಹೆಚ್ಚಿನವರು ಕೇಳಿದ್ದು ಅದನ್ನೇ.

ಪ್ರಶ್ನೆ: ಮೇಡಂ, ನಾನು ಚಿಕ್ಕಂದಿನಿಂದ ಆಡುತ್ತಿರುವ ಸರಣಿಯ ಹೊಸ ಗೇಮ್ ಜಪಾನಿನಲ್ಲಿ ಬಂದಾಯ್ತು. ನಮ್ಮಲ್ಲಿ ಯಾವಾಗ ಅಂತ ಕಂಪನಿ ಬಾಯೇ ಬಿಟ್ಟಿಲ್ಲ. ತರಿಸಿಬಿಡೋಣ ಅನ್ಸುತ್ತೆ. ಗೆಳೆಯರು "ದುಡ್ಡು ದಂಡ, ಸುಮ್ನೆ ಕಾಯಿ" ಅಂತಾರೆ. ಏನು ಮಾಡಲಿ?

ಉತ್ತರ: ನೀವು ಯಾವುದಕ್ಕಾಗಿ ಕಾಯುತ್ತಿದ್ದೀರಿ ಅನ್ನೋದನ್ನು ಮೊದಲು ನೋಡಿ. ಕೆಲವು ಸಲ ನಿಮಗೂ ಗೇಮಿಗೂ ನಡುವೆ ಇರುವುದು ಬರೀ ತಾರೀಖು. ಗೇಮ್ ಅದೇ, ಅದರೊಳಗಿನ ಭಾಷೆಯೂ ನಿಮಗೆ ಗೊತ್ತಿರುವುದೇ, ಕಂಪನಿಯ ಲೆಕ್ಕದಲ್ಲಿ ನಿಮ್ಮ ಸರದಿ ಬಂದಿಲ್ಲ ಅಷ್ಟೆ. ಕೆಲವು ಸಲ ನಡುವೆ ಅನುವಾದದ ಕೆಲಸ ಇರುತ್ತದೆ. ಇನ್ನು ಕೆಲವು ಸಲ ಆ ಗೇಮ್ ಹೊರಗೆ ಬರುವುದೇ ಇಲ್ಲ, ಯಾರೂ ಅದನ್ನು ಹೇಳುವುದೂ ಇಲ್ಲ.

ಬರೀ ತಾರೀಖು ಅಡ್ಡ ಇದ್ದರೆ ತರಿಸಿ, ಯೋಚನೆ ಬೇಡ. ಡೀಮನ್ಸ್ ಸೋಲ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಜಪಾನಿನಲ್ಲಿ 2009ರ ಫೆಬ್ರವರಿಯಲ್ಲಿ ಬಂತು. ಅದೇ ತಿಂಗಳು ಏಷ್ಯಾದ ಕೆಲವು ಕಡೆ ಮಾರಾಟವಾದ ಆವೃತ್ತಿಯಲ್ಲಿ ಇಂಗ್ಲಿಷ್ ಅಕ್ಷರಗಳೇ ಇದ್ದವು, ಮಾತು ಮೊದಲಿಂದಲೂ ಇಂಗ್ಲಿಷ್. ಅದು ಆಡುವ ಕನ್ಸೋಲ್ (ಗೇಮ್ ಯಂತ್ರ) ಪ್ಲೇಸ್ಟೇಷನ್ 3ರಲ್ಲಿ ಈ ಗೇಮಿಗೆ ದೇಶದ ಬೀಗ, ಅಂದರೆ ಬೇರೆ ದೇಶದ ಡಿಸ್ಕ್ ನಡೆಯದ ಹಾಗೆ ಮಾಡುವ ತಡೆ, ಇರಲಿಲ್ಲ. ಅಮೆರಿಕದಲ್ಲಿ ಅದು ಬಂದಿದ್ದು ಅಕ್ಟೋಬರ್‌ನಲ್ಲಿ, ಯುರೋಪಿನಲ್ಲಿ 2010ರ ಜೂನ್‌ನಲ್ಲಿ. ಅಂದರೆ ಏಷ್ಯಾ ಆವೃತ್ತಿ ತರಿಸಿಕೊಂಡ ಯುರೋಪಿನವರು ಒಂದು ವರ್ಷಕ್ಕೂ ಜಾಸ್ತಿ ಮುಂಚೆ, ಒಂದು ಅಕ್ಷರವೂ ತಪ್ಪದ ಹಾಗೆ ಅದನ್ನು ಆಡಿ ಮುಗಿಸಿದ್ದರು. ಇಂಥ ಕಡೆ ಕಾಯುವುದರಿಂದ ಸಿಗುವುದು ಏನೂ ಇಲ್ಲ.

ಅನುವಾದಕ್ಕೆ ಕಾಯುತ್ತಿದ್ದರೆ ಗೇಮ್ ಯಾವ ಜಾತಿಯದು ಅನ್ನೋದರ ಮೇಲೆ ನಿರ್ಧಾರ. ಫೈಟಿಂಗ್, ರೇಸಿಂಗ್, ಶೂಟಿಂಗ್, ಪಜಲ್, ತಾಳದ ಗೇಮ್, ಇವಕ್ಕೆಲ್ಲ ಭಾಷೆ ಬರದಿದ್ದರೂ ಕೈ ತಾನೇ ಕಲಿಯುತ್ತದೆ. 2005ರಲ್ಲಿ ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಡಿಎಸ್‌ಗೆ ಬಂದ ಓಸು ತತಾಕಾಯೆ ಓಯೆಂದಾನ್ ಜಪಾನಿನಿಂದ ಅಧಿಕೃತವಾಗಿ ಹೊರಗೆ ಬರಲೇ ಇಲ್ಲ. ಆದರೂ ಹೊರದೇಶದವರು ಅದನ್ನು ಹುಡುಕಿ ಹುಡುಕಿ ತರಿಸಿಕೊಂಡರು, ಏಕೆಂದರೆ ಅದರಲ್ಲಿ ಮಾಡಬೇಕಾದ್ದು ಹಾಡಿನ ತಾಳಕ್ಕೆ ಸರಿಯಾಗಿ ಪರದೆಯ ಮೇಲಿನ ವೃತ್ತ ಮುಟ್ಟುವುದು. ಕಥೆ ಕಾಮಿಕ್ಸ್ ಚಿತ್ರಗಳಲ್ಲೇ ಅರ್ಥವಾಗುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ಅಂದರೆ ಗ್ರೇಟ್ ಏಸ್ ಅಟಾರ್ನಿ. ಎರಡು ಗೇಮ್, 2015 ಮತ್ತು 2017ರಲ್ಲಿ ಜಪಾನಿನಲ್ಲಿ ಬಂದವು, ಇಂಗ್ಲಿಷ್‌ನಲ್ಲಿ ಸಿಕ್ಕಿದ್ದು 2021ರಲ್ಲಿ. ಅದು ಕೋರ್ಟಿನ ಗೇಮ್. ಸಾಕ್ಷಿ ಹೇಳಿದ ಮಾತಿನಲ್ಲಿ ಎಲ್ಲಿ ಸುಳ್ಳಿದೆ, ಯಾವ ಸಾಲು ಯಾವ ಪುರಾವೆಗೆ ತಾಳೆಯಾಗುತ್ತಿಲ್ಲ ಅಂತ ಹಿಡಿಯುವುದೇ ಆಟ. ಜಪಾನಿ ಚೆನ್ನಾಗಿ ಓದಲು ಬರದವರು ಅದನ್ನು ತರಿಸಿಕೊಂಡರೆ ಒಳ್ಳೆಯ ಸಂಗೀತ ಕೇಳಬಹುದು, ಆಡಲು ಆಗುವುದಿಲ್ಲ. ಅಲ್ಲಿ ಕಾಯುವುದೇ ಸರಿ, ಎಷ್ಟು ವರ್ಷವಾದರೂ.

ಕಷ್ಟ ಇರುವುದು ನಡುವಿನ ಜಾತಿಗೆ, ಅಂದರೆ ಒಂದು ಪಾತ್ರವನ್ನು ಬೆಳೆಸುತ್ತಾ ಉದ್ದ ಕಥೆ ಆಡುವ ಆರ್‌ಪಿಜಿಗಳಿಗೆ. ಯುದ್ಧ, ಮೆನು, ಸಾಮಾನು, ಇದನ್ನೆಲ್ಲ ಅಂದಾಜಿನ ಮೇಲೆ ನಿಭಾಯಿಸಬಹುದು. ಜಪಾನಿನ ಕಟಕಾನ ಲಿಪಿಯಲ್ಲಿ ಮೂಲ ಅಕ್ಷರ 46. ಪೋಷನ್, ಸೇವ್, ಲೋಡ್, ಸ್ಕಿಲ್ ಇಂಥ ಎಷ್ಟೋ ಪದಗಳನ್ನು ಆ ಲಿಪಿಯಲ್ಲೇ ಬರೆದಿರುತ್ತಾರೆ. ಅಷ್ಟು ಕಲಿತರೆ ಮೆನುವಿನ ದೊಡ್ಡ ಭಾಗ ಓದಲು ಬರುತ್ತದೆ. ಕಥೆ ಮಾತ್ರ ಬರುವುದಿಲ್ಲ. ಮೊಬೈಲ್ ಕ್ಯಾಮೆರಾವನ್ನು ಪರದೆಗೆ ಹಿಡಿದು ಅನುವಾದ ಮಾಡಿಸುವ ದಾರಿ ಇದೆ, ಹೊಸ ಗೇಮಿನ ದಪ್ಪ ಸ್ಪಷ್ಟ ಅಕ್ಷರಗಳಿಗೆ ತಕ್ಕಮಟ್ಟಿಗೆ ನಡೆಯುತ್ತದೆ. ಹಳೆಯ ಗೇಮಿನಲ್ಲಿ ಚೀನಾ ಮೂಲದ, ಗೆರೆಗಳು ಜಾಸ್ತಿ ಇರುವ ಒಂದು ಕಾಂಜಿ ಅಕ್ಷರವನ್ನು ಕೆಲವೇ ಚುಕ್ಕಿಗಳಲ್ಲಿ ತುರುಕಿರುತ್ತಾರೆ, ಅಲ್ಲಿ ಯಂತ್ರವೂ ತಡವರಿಸುತ್ತದೆ. ಅದೂ ಅಲ್ಲದೆ ಪ್ರತಿ ಮಾತಿಗೂ ಕಂಟ್ರೋಲರ್ ಕೆಳಗಿಟ್ಟು ಮೊಬೈಲ್ ಎತ್ತುತ್ತಾ ಅರವತ್ತು ಗಂಟೆಯ ಕಥೆ ಆಡುವುದು ಬಹಳ ಜನರಿಗೆ ಒಗ್ಗುವುದಿಲ್ಲ. ಕಥೆಗೋಸ್ಕರ ಆ ಸರಣಿ ಇಷ್ಟವಾಗಿದ್ದರೆ ಕಾಯಿರಿ ಅಂತಲೇ ಹೇಳುತ್ತೇನೆ.

ಆದರೆ ಎಷ್ಟು ಕಾಯುವುದು? ಇಲ್ಲಿ ಚರಿತ್ರೆ ಸ್ವಲ್ಪ ಕಠೋರವಾಗಿದೆ. ಫೈನಲ್ ಫ್ಯಾಂಟಸಿ 5 ಜಪಾನಿನಲ್ಲಿ 1992ರದ್ದು, ಇಂಗ್ಲಿಷ್‌ನಲ್ಲಿ ಅಧಿಕೃತವಾಗಿ ಬಂದಿದ್ದು 1999ರಲ್ಲಿ. ಟ್ರೇಲ್ಸ್ ಫ್ರಮ್ ಝೀರೊ 2010ರದ್ದು, ಇಂಗ್ಲಿಷ್‌ಗೆ 2022. ಸೈಕೆನ್ ದೆನ್‌ಸೆತ್ಸು 3 ಬಂದಿದ್ದು 1995ರಲ್ಲಿ, ಇಂಗ್ಲಿಷ್‌ನಲ್ಲಿ ಕೈಗೆ ಸಿಕ್ಕಿದ್ದು 2019ರಲ್ಲಿ. ಅದನ್ನು ಹತ್ತು ವರ್ಷದ ಹುಡುಗನಾಗಿ ಪತ್ರಿಕೆಯಲ್ಲಿ ನೋಡಿ ಆಸೆಪಟ್ಟವನಿಗೆ ಆಗ 34 ವರ್ಷ. ಮದರ್ 3 ಬಂದಿದ್ದು 2006ರಲ್ಲಿ, ಅಧಿಕೃತ ಅನುವಾದ ಇವತ್ತಿಗೂ ಇಲ್ಲ. 2008ರಲ್ಲಿ ಅಭಿಮಾನಿಗಳೇ ಸೇರಿ ಅದನ್ನು ಇಂಗ್ಲಿಷ್ ಮಾಡಿದರು.

ಹಾಗಾಗಿ ನಿಮ್ಮ ವಿಷಯಕ್ಕೆ ಬಂದರೆ, ಆ ಸರಣಿಯ ಹಿಂದಿನ ಗೇಮ್‌ಗಳು ಎಷ್ಟು ತಡವಾಗಿ ಬಂದವು ಅಂತ ನೋಡಿ. ಪ್ರತಿ ಸಲವೂ ಒಂದು ವರ್ಷದೊಳಗೆ ಬಂದಿದ್ದರೆ ಇದೂ ಬರುತ್ತದೆ, ಕಾಯಿರಿ. ನಡುವೆ ಒಂದೆರಡನ್ನು ಕಂಪನಿ ಹಾರಿಸಿಬಿಟ್ಟಿದ್ದರೆ ಈ ಸಲದ ಮೌನಕ್ಕೂ ಅದೇ ಅರ್ಥ ಇರಬಹುದು. ಗೆಳೆಯರ ಮಾತು ಬೇಡ. ಅವರಿಗೆ ಆ ಸರಣಿಯ ಮೇಲೆ ನಿಮ್ಮಷ್ಟು ಪ್ರೀತಿ ಇಲ್ಲ.

ಪ್ರಶ್ನೆ: ಹೊರದೇಶದ ಡಿಸ್ಕ್ ನನ್ನ ಕನ್ಸೋಲ್‌ನಲ್ಲಿ ನಡೆಯುತ್ತಾ? ಒಬ್ಬರು ನಡೆಯುತ್ತೆ ಅಂತಾರೆ, ಇನ್ನೊಬ್ಬರು ರೀಜನ್ ಲಾಕ್ ಇರುತ್ತೆ ಅಂತಾರೆ.

ಉತ್ತರ: ಇಬ್ಬರೂ ಬೇರೆ ಬೇರೆ ಕನ್ಸೋಲ್ ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿದ್ದಾರೆ. ಪ್ಲೇಸ್ಟೇಷನ್ 4, 5, ಎಕ್ಸ್‌ಬಾಕ್ಸ್ ಒನ್ ಮತ್ತು ಅದರ ನಂತರದವು, ನಿಂಟೆಂಡೊ ಸ್ವಿಚ್, ಇವುಗಳಲ್ಲಿ ಸಾಮಾನ್ಯವಾಗಿ ಯಾವ ದೇಶದ ಗೇಮ್ ಹಾಕಿದರೂ ನಡೆಯುತ್ತದೆ. ಪ್ಲೇಸ್ಟೇಷನ್ 3ರಲ್ಲೂ ನಡೆಯುತ್ತದೆ, 2012ರ ಪರ್ಸೋನಾ 4 ಅರೀನಾದಂಥ ಅಪರೂಪದ್ದು ಬಿಟ್ಟು. ಎಕ್ಸ್‌ಬಾಕ್ಸ್ 360 ಮಾತ್ರ ಗೊಂದಲದ್ದು, ಅಲ್ಲಿ ಬೀಗ ಹಾಕಬೇಕೋ ಬೇಡವೋ ಅಂತ ಆಯಾ ಗೇಮಿನ ಪ್ರಕಾಶಕರೇ ತೀರ್ಮಾನಿಸುತ್ತಿದ್ದರು, ಹಾಗಾಗಿ ಒಂದೊಂದು ಡಿಸ್ಕ್‌ಗೂ ವಿಚಾರಿಸಲೇಬೇಕು.

ಪ್ಲೇಸ್ಟೇಷನ್ 1, 2, ಗೇಮ್‌ಕ್ಯೂಬ್, ವೀ, ವೀ ಯು, ಇವೆಲ್ಲಕ್ಕೂ ಬೀಗ ಇದೆ. ಕೈಯಲ್ಲಿ ಹಿಡಿಯುವ ನಿಂಟೆಂಡೊಗಳಲ್ಲಿ ಗೇಮ್‌ಬಾಯ್, ಗೇಮ್‌ಬಾಯ್ ಅಡ್ವಾನ್ಸ್‌ಗೆ ಬೀಗ ಇಲ್ಲ. ಡಿಎಸ್‌ಗೂ ಇಲ್ಲ, ಡಿಎಸ್ಐಗೆಂದೇ ಮಾಡಿದ ಗೇಮ್‌ಗಳಿಗೆ ಮಾತ್ರ ಇದೆ. ಆಮೇಲೆ ಬಂದ 3ಡಿಎಸ್‌ಗೆ ಪೂರ್ತಿ ಬೀಗ. ನಾನು ಮೇಲೆ ಹೇಳಿದ ಕೋರ್ಟಿನ ಗೇಮ್‌ಗಳು ಮೊದಲು ಬಂದಿದ್ದು ಈ 3ಡಿಎಸ್‌ಗೇ. ಅವನ್ನು ಆಡಬೇಕು ಅಂದವರಿಗೆ ಭಾಷೆಯೂ ಬರಬೇಕಿತ್ತು, ಜಪಾನಿನ ಕನ್ಸೋಲೂ ಬೇಕಿತ್ತು.

ಇನ್ನೊಂದು ಎಚ್ಚರಿಕೆ. 2025ರಲ್ಲಿ ಬಂದ ಸ್ವಿಚ್ 2 ಕನ್ಸೋಲ್‌ನಲ್ಲಿ ಜಪಾನಿಗೆಂದೇ ಕಡಿಮೆ ಬೆಲೆಯ ಒಂದು ಮಾದರಿ ಇದೆ. ಅದರ ಮೆನು ಜಪಾನಿಯಲ್ಲಿ ಮಾತ್ರ, ಜಪಾನ್ ಅಂತ ದೇಶ ಕೊಟ್ಟಿರುವ ಅಕೌಂಟನ್ನು ಮಾತ್ರ ಅದು ಒಪ್ಪಿಕೊಳ್ಳುತ್ತದೆ. ಅಗ್ಗ ಸಿಕ್ಕಿತು ಅಂತ ಅದನ್ನು ತರಿಸಿಕೊಳ್ಳಬೇಡಿ.

ಪ್ರಶ್ನೆ: ಇಂಪೋರ್ಟ್ ಡಿಸ್ಕ್ ಚೆನ್ನಾಗಿ ನಡೀತಿದೆ. ಆದರೆ ದುಡ್ಡು ಕೊಟ್ಟು ತಗೊಂಡ ಡಿಎಲ್‌ಸಿ (ಗೇಮಿಗೆ ಆಮೇಲೆ ಸೇರಿಸೋ ಭಾಗ) ಗೇಮಿನಲ್ಲಿ ಕಾಣಿಸ್ತಾನೇ ಇಲ್ಲ. ಅಂಗಡಿಯವರು ಮೋಸ ಮಾಡಿದ್ರಾ?

ಉತ್ತರ: ಇಲ್ಲ, ಮೋಸ ಅಲ್ಲ. ಇದು ಇಂಪೋರ್ಟ್ ಮಾಡುವವರು ಅತಿ ಹೆಚ್ಚು ಸಲ ಸಿಕ್ಕಿಹಾಕಿಕೊಳ್ಳುವ ಜಾಗ. ಡಿಸ್ಕ್‌ಗೆ ಬೀಗ ಇಲ್ಲದಿದ್ದರೂ ಒಂದೇ ಗೇಮಿನ ಜಪಾನ್, ಅಮೆರಿಕ, ಯುರೋಪ್ ಆವೃತ್ತಿಗಳಿಗೆ ಒಳಗಡೆ ಬೇರೆ ಬೇರೆ ಗುರುತಿನ ಸಂಖ್ಯೆ ಇರುತ್ತದೆ. ನೀವು ನಿಮ್ಮ ದೇಶದ ಅಕೌಂಟಿನಿಂದ ಕೊಂಡ ಡಿಎಲ್‌ಸಿ ನಿಮ್ಮ ದೇಶದ ಆವೃತ್ತಿಯ ಸಂಖ್ಯೆಯನ್ನೇ ಹುಡುಕುತ್ತದೆ, ಹೊರಗಿನ ಡಿಸ್ಕನ್ನು ಅದು ಗುರುತು ಹಿಡಿಯುವುದಿಲ್ಲ. ಡಿಸ್ಕ್ ಯಾವ ದೇಶದ್ದೋ ಆ ದೇಶದ ಅಕೌಂಟ್ ಮಾಡಿಕೊಂಡು, ಅಲ್ಲಿನ ಸ್ಟೋರಿನಲ್ಲೇ ಡಿಎಲ್‌ಸಿ ಕೊಳ್ಳಬೇಕು. ಈಗ ಕೊಂಡಿರುವುದನ್ನು ಇನ್ನೂ ಡೌನ್‌ಲೋಡ್ ಮಾಡದಿದ್ದರೆ ಹಣ ವಾಪಸ್ ಕೇಳಿ ನೋಡಿ.

ಎಲ್ಲಿಯವರೆಗೆ ಆಡಿದ್ದೀರಿ ಅಂತ ಉಳಿಸಿಡುವ ಸೇವ್ ಫೈಲಿಗೂ ಇದೇ ಕಥೆ ಆಗುವುದುಂಟು. ಜಪಾನ್ ಆವೃತ್ತಿಯಲ್ಲಿ ಎಂಬತ್ತು ಗಂಟೆ ಆಡಿ, ಆಮೇಲೆ ಇಂಗ್ಲಿಷ್ ಆವೃತ್ತಿ ಬಂತು ಅಂತ ಅದನ್ನು ಕೊಂಡರೆ, ಹಳೆಯ ಸೇವ್ ಅಲ್ಲಿ ತೆರೆಯದೇ ಇರಬಹುದು. ಮೊದಲಿಂದ ಶುರು ಮಾಡಬೇಕಾಗುತ್ತದೆ. ದೊಡ್ಡ ವಿಸ್ತರಣೆ ಬರುವುದು ಖಚಿತ ಅಂತ ಗೊತ್ತಿರುವ ಗೇಮ್ ಆದರೆ ಇದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಇಂಪೋರ್ಟ್ ಮಾಡಿ.

ಪ್ರಶ್ನೆ: ಅಕ್ಕ, ನಾನು ಒಂಬತ್ತನೇ ಕ್ಲಾಸು. ಅಣ್ಣ ಜಪಾನಿನಿಂದ ತರಿಸಿದ ಪಿಎಸ್4 ಗೇಮಿನಲ್ಲಿ ಓಕೆ ಒತ್ತಿದ್ರೆ ವಾಪಸ್ ಹೋಗುತ್ತೆ. ಕಂಟ್ರೋಲರ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ ಪುಟ್ಟ. ಜಪಾನಿನಲ್ಲಿ ಪ್ಲೇಸ್ಟೇಷನ್ 4ರ ತನಕ ಸೊನ್ನೆ ಗುರುತಿನ ಬಟನ್ ಅಂದರೆ ಸರಿ, ಕತ್ತರಿ ಗುರುತು ಅಂದರೆ ಬೇಡ. ಬೇರೆ ಕಡೆ ಉಲ್ಟಾ. 2020ರಲ್ಲಿ ಪ್ಲೇಸ್ಟೇಷನ್ 5 ಬಂದಾಗ ಎಲ್ಲ ಕಡೆಗೂ ಕತ್ತರಿಯನ್ನೇ ಸರಿ ಅಂತ ಮಾಡಿದರು. ನಿನ್ನ ಬೆರಳು ಸ್ವಲ್ಪ ಹೊತ್ತಿನಲ್ಲಿ ಹೊಂದಿಕೊಳ್ಳುತ್ತದೆ. ಒಂದೇ ಕಡೆ ಜೋಪಾನ: "ಹಳೆಯ ಸೇವ್ ಮೇಲೆ ಬರೆಯಲಾ?" ಅಂತ ಗೇಮ್ ಕೇಳಿದಾಗ ಅಭ್ಯಾಸಬಲದಿಂದ ಒತ್ತಿಬಿಡಬೇಡ. ಅದು ಜಪಾನಿಯಲ್ಲಿ ಕೇಳುತ್ತದೆ, ನಿನಗೆ ಅರ್ಥವಾಗುವುದಿಲ್ಲ, ಅಣ್ಣನ ಸೇವ್ ಹೋಗಿಬಿಟ್ಟರೆ ಮನೆಯಲ್ಲಿ ದೊಡ್ಡ ಜಗಳ. ಯಾವಾಗಲೂ ಖಾಲಿ ಜಾಗಕ್ಕೇ ಸೇವ್ ಮಾಡು.

ಪ್ರಶ್ನೆ: ನನ್ನ ಮಗನಿಗೆ 15 ವರ್ಷ. ಹೊರದೇಶದ ಗೇಮ್ ಬೇಕು ಅಂತ ಹಟ ಹಿಡಿದಿದ್ದಾನೆ. ಡಬ್ಬಿಯ ಮೇಲೆ ದೊಡ್ಡದಾಗಿ "ಡಿ" ಅಂತ ಇದೆ. ಅದರರ್ಥ ಏನು? ಕೊಡಿಸಬಹುದಾ?

ಉತ್ತರ: ಅದು ಜಪಾನಿನ ಸೆರೊ ಸಂಸ್ಥೆ ಕೊಡುವ ವಯಸ್ಸಿನ ಗುರುತು. ಎ ಅಂದರೆ ಎಲ್ಲರಿಗೂ, ಬಿ ಅಂದರೆ 12 ಮೇಲ್ಪಟ್ಟು, ಸಿ 15, ಡಿ 17, ಝೆಡ್ 18. ಅಂದರೆ ಅವರ ಲೆಕ್ಕದಲ್ಲಿ ನಿಮ್ಮ ಮಗನಿಗೆ ಇನ್ನೂ ಎರಡು ವರ್ಷ ಬೇಕು. ಯುರೋಪಿನ ಪೆಗಿಯಲ್ಲಿ ಸಂಖ್ಯೆಯನ್ನೇ ಹಾಕುತ್ತಾರೆ: 3, 7, 12, 16, 18. ಅಮೆರಿಕದ ಇಎಸ್‌ಆರ್‌ಬಿಯಲ್ಲಿ ಟಿ ಅಂದರೆ 13 ಮೇಲ್ಪಟ್ಟವರಿಗೆ, ಎಂ ಅಂದರೆ 17 ಮೇಲ್ಪಟ್ಟವರಿಗೆ.

ಒಂದು ವಿಷಯ ತಿಳಿದಿರಲಿ, ಒಂದೇ ಹೆಸರಿನ ಗೇಮಿನ ಒಳಗಿರುವುದು ಎಲ್ಲ ದೇಶದಲ್ಲೂ ಒಂದೇ ಆಗಿರುವುದಿಲ್ಲ. ಜಪಾನ್ ಆವೃತ್ತಿಯಲ್ಲಿ ರಕ್ತಪಾತ ಕಡಿಮೆ ಮಾಡಿರುವುದುಂಟು, ಹಾಗೇ ಅಲ್ಲಿದ್ದ ಕೆಲವು ದೃಶ್ಯಗಳನ್ನು ಬೇರೆ ದೇಶಗಳಿಗೆ ತೆಗೆದಿರುವುದೂ ಉಂಟು. ಹಾಗಾಗಿ ನಿಮ್ಮ ದೇಶದ ಆವೃತ್ತಿಯ ಗುರುತು ನೋಡಿ ಹೊರಗಿನ ಆವೃತ್ತಿ ಕೊಡಿಸಬೇಡಿ. ನೀವು ಕೊಳ್ಳುವ ಡಬ್ಬಿಯ ಮೇಲೆ ಇರುವ ಗುರುತನ್ನೇ ನೋಡಿ, ಆಮೇಲೆ ಆ ಗೇಮನ್ನು ಯಾರಾದರೂ ಆಡಿರುವ ವೀಡಿಯೊವನ್ನು ಮಗನ ಜೊತೆ ಕೂತು ಒಂದರ್ಧ ಗಂಟೆ ನೋಡಿ. ಅಷ್ಟರಲ್ಲಿ ನಿಮಗೇ ಗೊತ್ತಾಗುತ್ತದೆ.

ಕಾನೂನೂ ಇದೆ. ಆಸ್ಟ್ರೇಲಿಯಾದಲ್ಲಿ 2013ರ ಜನವರಿಯ ತನಕ ಗೇಮ್‌ಗಳಿಗೆ 18 ಮೇಲ್ಪಟ್ಟವರ ದರ್ಜೆಯೇ ಇರಲಿಲ್ಲ. 2011ರ ಮಾರ್ಟಲ್ ಕಾಂಬ್ಯಾಟ್‌ಗೆ ಅಲ್ಲಿ ಅನುಮತಿ ಸಿಗಲಿಲ್ಲ, ಹೊರಗಿನಿಂದ ತರಿಸಿಕೊಳ್ಳುವುದೂ ನಿಷೇಧ ಆಯಿತು. ಒಂದು ಗೇಮ್ ತಡವಾಗಿ ಬರುತ್ತಿರುವುದು ಬೇರೆ, ಅದಕ್ಕೆ ನಿಮ್ಮ ದೇಶ ಬೇಡ ಅಂದಿರುವುದು ಬೇರೆ. ಎರಡನೆಯದನ್ನು ಕಸ್ಟಮ್ಸ್‌ನವರು ಹಿಡಿದುಕೊಂಡರೆ ವಾಪಸ್ ಕೇಳಲು ಆಗುವುದಿಲ್ಲ.

ಪ್ರಶ್ನೆ: ಹಳೆಯ ಕಾರ್ಟ್ರಿಜ್ ಗೇಮ್‌ಗಳ ಹುಚ್ಚು ನನಗೆ. ಜಪಾನಿನ ಸೂಪರ್ ಫ್ಯಾಮಿಕಾಮ್ ಗೇಮ್‌ಗಳು ನನ್ನ ಹಳೆಯ ಸೂಪರ್ ನಿಂಟೆಂಡೊದಲ್ಲಿ ಕೂರುತ್ತವಾ? ತರಿಸುವಾಗ ಏನೇನು ನೋಡಬೇಕು?

ಉತ್ತರ: ಈ ಪತ್ರ ಓದಿ ಖುಷಿಯಾಯ್ತು. ಸೂಪರ್ ಫ್ಯಾಮಿಕಾಮ್ ಅನ್ನೋದು ಸೂಪರ್ ನಿಂಟೆಂಡೊದ ಜಪಾನಿನ ಹೆಸರು. ನಿಮ್ಮದು ಅಮೆರಿಕದ ಮಾದರಿಯಾದರೆ ಕಾರ್ಟ್ರಿಜ್ ಹಾಕುವ ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಹಿಂಬದಿಯಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಮೊಳೆಯಂಥವು ಎದ್ದು ನಿಂತಿವೆ. ಅಮೆರಿಕದ ಕಾರ್ಟ್ರಿಜ್ ಹಿಂಬದಿಯಲ್ಲಿ ಅವಕ್ಕೆ ಸರಿಯಾಗಿ ಎರಡು ಕಚ್ಚು ಇರುತ್ತವೆ, ಜಪಾನಿನದಕ್ಕೆ ಇರುವುದಿಲ್ಲ. ಆ ಎರಡು ಮೊಳೆಗಳೇ ಕಂಪನಿಯವರ ದೊಡ್ಡ ಬೀಗ ಅಂದರೆ ನಂಬಬೇಕು. ಅವನ್ನು ಕತ್ತರಿಸಿ ತೆಗೆದರೆ ಜಪಾನಿನ ಕಾರ್ಟ್ರಿಜ್ ಸಲೀಸಾಗಿ ಕೂರುತ್ತದೆ, ನಡೆಯುತ್ತದೆ. ಯುರೋಪಿನ ಮಾದರಿಯಾದರೆ ಕಾರ್ಟ್ರಿಜ್ ಆಕಾರ ಜಪಾನಿನದ್ದೇ, ಕೂರುತ್ತದೆ, ಆದರೆ ಒಳಗಿನ ಬೀಗದ ಚಿಪ್ ತಡೆಯುತ್ತದೆ. ಅದಕ್ಕೆ ಅಡಾಪ್ಟರ್ ಬೇಕು. ಅದಕ್ಕಿಂತ ಹಳೆಯ ಫ್ಯಾಮಿಕಾಮ್ ಕಾರ್ಟ್ರಿಜ್‌ಗೆ 60 ಪಿನ್, ಅದರದ್ದೇ ಅಮೆರಿಕ ಯುರೋಪಿನ ರೂಪವಾದ ಎನ್‌ಇಎಸ್‌ಗೆ 72 ಪಿನ್. ಅಲ್ಲೂ ಅಡಾಪ್ಟರ್ ಇಲ್ಲದೆ ಆಗುವುದಿಲ್ಲ.

ಯುರೋಪಿನವರಿಗೆ ಜಪಾನಿನ ಕನ್ಸೋಲೂ ಗೇಮೂ ಯಾಕೆ ಬೇಕು ಅನ್ನೋದಕ್ಕೆ ಭಾಷೆ ಬಿಟ್ಟು ಇನ್ನೊಂದು ಕಾರಣ ಇತ್ತು. ಅಲ್ಲಿನ ಟಿವಿಗಳು ಸೆಕೆಂಡಿಗೆ 50 ಸಲ ಚಿತ್ರ ಬರೆಯುತ್ತಿದ್ದವು, ಜಪಾನ್ ಅಮೆರಿಕದಲ್ಲಿ 60. ಗೇಮಿನ ವೇಗ ಆ ಲೆಕ್ಕಕ್ಕೇ ಕಟ್ಟಿಹಾಕಿದ್ದು. ಯಾವ ಬದಲಾವಣೆಯೂ ಮಾಡದೆ ಯುರೋಪಿಗೆ ತಂದರೆ ಆಟ ಆರನೇ ಒಂದು ಪಾಲು ನಿಧಾನ, ಮೇಲೆ ಕೆಳಗೆ ಕಪ್ಪು ಪಟ್ಟಿ. 1991ರ ಸೋನಿಕ್ ಅಲ್ಲಿ ಹಾಗೇ ನಿಧಾನವಾಗಿ ಓಡಿದ, ಅವನ ಸಂಗೀತವೂ ಎಳೆದಂತೆ ಕೇಳಿಸುತ್ತಿತ್ತು. ವೇಗಕ್ಕೇ ಹೆಸರಾದ ಗೇಮ್ ಅದು! ಒಮ್ಮೆ 60ರಲ್ಲಿ ಆಡಿದವರು ವಾಪಸ್ ಹೋಗಲು ಒಪ್ಪುತ್ತಿರಲಿಲ್ಲ. ಇನ್ನು ಕ್ರೋನೊ ಟ್ರಿಗರ್ 1995ರ ಗೇಮ್, ಯುರೋಪಿಗೆ ಮೊದಲ ಸಲ ಬಂದಿದ್ದು 2009ರಲ್ಲಿ, ಅದೂ ಡಿಎಸ್‌ಗೆ. ಅಷ್ಟು ವರ್ಷ ಅಲ್ಲಿನವರು ಅದನ್ನು ಹೊರಗಿನಿಂದಲೇ ತರಿಸಿಕೊಂಡು ಆಡಿದರು.

ಕರೆಂಟ್ ಬಗ್ಗೆ ಬಹಳ ಎಚ್ಚರ. ಜಪಾನಿನಲ್ಲಿ 100 ವೋಲ್ಟ್. ಅಲ್ಲಿನ ಹಳೆಯ ಕನ್ಸೋಲಿನ ಅಡಾಪ್ಟರನ್ನು 230 ವೋಲ್ಟ್ ಪ್ಲಗ್ಗಿಗೆ ನೇರ ಹಾಕಿದರೆ ಸುಟ್ಟುಹೋಗುತ್ತದೆ, ಕನ್ಸೋಲನ್ನೂ ಜೊತೆಗೆ ಕರಕೊಂಡು ಹೋಗಬಹುದು. ಅಡಾಪ್ಟರ್ ಹಿಂದೆ ಸಣ್ಣ ಅಕ್ಷರದಲ್ಲಿ 100–240 ಅಂತ ಇದ್ದರೆ ಮಾತ್ರ ನೇರ ಹಾಕಿ. ಬರೀ 100 ಅಂತ ಇದ್ದರೆ ವೋಲ್ಟೇಜ್ ಇಳಿಸುವ ಕನ್ವರ್ಟರ್ ಬೇಕೇ ಬೇಕು.

ಸೇವ್ ಆಗುವ ಹಳೆಯ ಕಾರ್ಟ್ರಿಜ್ ಹಲವುಗಳ ಒಳಗೆ ನಾಣ್ಯದಂಥ ಬ್ಯಾಟರಿ ಇರುತ್ತದೆ. ಸೂಪರ್ ಫ್ಯಾಮಿಕಾಮ್ ಗೇಮ್‌ಗಳಲ್ಲಿ ಸಾಮಾನ್ಯವಾಗಿ ಸಿಆರ್2032. ಮೂವತ್ತು ವರ್ಷದ ಬ್ಯಾಟರಿ ಯಾವಾಗ ಬೇಕಾದರೂ ಸಾಯಬಹುದು. "ಸೇವ್ ಆಗುತ್ತದೆಯಾ, ಕನ್ಸೋಲ್ ಆಫ್ ಮಾಡಿ ಮಾರನೇ ದಿನ ಆನ್ ಮಾಡಿ ನೋಡಿದ್ದೀರಾ?" ಅಂತ ಮಾರುವವರನ್ನು ಕೇಳಿ. ಬದಲಾಯಿಸುವುದು ಕಷ್ಟವಲ್ಲ, ಆದರೆ ಬ್ಯಾಟರಿಯನ್ನು ಬೆಸುಗೆ ಹಾಕಿ ಕೂರಿಸಿರುತ್ತಾರೆ. ತೆಗೆದರೆ ಮುಂಚಿನ ಮಾಲೀಕರ ಸೇವ್ ಅಳಿಸಿಹೋಗುತ್ತದೆ. ಯಾರೋ ಗುರುತಿಲ್ಲದ ಮಗು ತನ್ನ ಹೆಸರು ಹಾಕಿ ಅರ್ಧ ಆಡಿಟ್ಟ ಸೇವ್ ಹಾಗೇ ಸಿಗುವುದು ಈ ಹವ್ಯಾಸದ ದೊಡ್ಡ ಸಂತೋಷಗಳಲ್ಲಿ ಒಂದು, ಹಾಗಾಗಿ ಬ್ಯಾಟರಿ ತೆಗೆಯುವ ಮುಂಚೆ ಒಮ್ಮೆ ಒಳಗೆ ಹೋಗಿ ನೋಡಿ.

ಡಿಸ್ಕ್ ಗೇಮ್‌ಗಳಾದರೆ, ಸೆಗಾ ಸ್ಯಾಟರ್ನ್, ಪ್ಲೇಸ್ಟೇಷನ್ ಕಾಲದ ಜಪಾನಿ ಡಬ್ಬಿಗಳ ಬೆನ್ನಿಗೆ ಒಂದು ಕಾಗದದ ಪಟ್ಟಿ ಸುತ್ತಿರುತ್ತಿತ್ತು. ಸಂಗ್ರಾಹಕರು ಅದು ಇದ್ದರೆ ಜಾಸ್ತಿ ಕೊಡುತ್ತಾರೆ. ನಿಮಗೆ ಆಡಲಷ್ಟೇ ಬೇಕಾದರೆ ಪಟ್ಟಿ ಇಲ್ಲದ್ದನ್ನೇ ಕೇಳಿ ತಗೊಳ್ಳಿ, ಎಷ್ಟೋ ಅಗ್ಗಕ್ಕೆ ಸಿಗುತ್ತದೆ.

ಪ್ರಶ್ನೆ: ಗೇಮ್‌ಬಾಯ್ ಅಡ್ವಾನ್ಸ್ ಗೇಮ್ ತರಿಸಿದೆ. ಅಸಲಿಯೋ ನಕಲಿಯೋ ಹೇಗೆ ಗೊತ್ತಾಗುತ್ತೆ?

ಉತ್ತರ: ಮುಂಬದಿಯ ಲೇಬಲನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಅಸಲಿಯಲ್ಲಿ ಎರಡು ಅಂಕಿ ಒತ್ತಿದ ಹಾಗೆ ಮೂಡಿರುತ್ತದೆ, ಶಾಯಿ ಇರುವುದಿಲ್ಲ. ಆಮೇಲೆ ಕೆಳಗಿನ ಬಾಯಿಯಲ್ಲಿ ಚಿನ್ನದ ಬಣ್ಣದ ಪಟ್ಟಿಗಳ ಮೇಲ್ಗಡೆ ನೋಡಿ, ಬೋರ್ಡಿನ ಮೇಲೆ ನಿಂಟೆಂಡೊ ಅಂತ ಹೆಸರು ಸಣ್ಣದಾಗಿ ಇರಬೇಕು. ಎರಡೂ ಇಲ್ಲದಿದ್ದರೆ ನಕಲಿ ಅನ್ನಿ. ನಕಲಿ ಕಾರ್ಟ್ರಿಜ್ ಆಡಲು ಬರುತ್ತದೆ, ಒಂದು ದಿನ ಸೇವ್ ಇದ್ದಕ್ಕಿದ್ದ ಹಾಗೆ ಮಾಯವಾಗುತ್ತದೆ. ಮದರ್ 3ರ ಇಂಗ್ಲಿಷ್ ಕಾರ್ಟ್ರಿಜ್ ಅಂತ ಯಾರಾದರೂ ಮಾರಿದರೆ ನೋಡುವುದೇ ಬೇಡ, ಅಂಥದ್ದನ್ನು ಕಂಪನಿ ಮಾಡಿಯೇ ಇಲ್ಲ. ಅಭಿಮಾನಿಗಳು ಪುಕ್ಕಟೆ ಮಾಡಿಕೊಟ್ಟ ಅನುವಾದವನ್ನು ಇನ್ಯಾರೋ ಕಾಸಿಗೆ ಮಾರುತ್ತಿದ್ದಾರೆ.

ಪ್ರಶ್ನೆ: ಡಿಸ್ಕ್ ಗೊಡವೆಯೇ ಬೇಡ ಅಂತ ಹೊರದೇಶದ ಅಕೌಂಟ್ ಮಾಡಿ ಡೌನ್‌ಲೋಡ್ ಮಾಡಿಕೊಂಡರೆ?

ಉತ್ತರ: ಆಗುತ್ತದೆ, ಆದರೆ ಒಂದೊಂದು ಕಡೆ ಒಂದೊಂದು ನಿಯಮ. ನಿಂಟೆಂಡೊ ಅಕೌಂಟಿನಲ್ಲಿ ದೇಶ ಬದಲಾಯಿಸಬಹುದು, ಅಕೌಂಟಿನಲ್ಲಿ ಹಣ ಉಳಿದಿರಬಾರದು. ಪ್ಲೇಸ್ಟೇಷನ್‌ನಲ್ಲಿ ಆ ದೇಶದ್ದೇ ಇನ್ನೊಂದು ಅಕೌಂಟ್ ತೆರೆಯಬೇಕಾಗುತ್ತದೆ. ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್‌ನಲ್ಲಿ ಮೂರು ತಿಂಗಳಿಗೆ ಒಂದು ಸಲಕ್ಕಿಂತ ಹೆಚ್ಚು ದೇಶ ಬದಲಾಯಿಸಲು ಬಿಡುವುದಿಲ್ಲ, ಆ ದೇಶದ ಪಾವತಿ ವಿಧಾನವೂ ಬೇಕು. ಬರೀ ಅಗ್ಗದ ಬೆಲೆಗೋಸ್ಕರ ಅಲ್ಲಿ ದೇಶ ಬದಲಾಯಿಸಲು ಹೋದರೆ ಅಕೌಂಟಿಗೇ ತೊಂದರೆ. ಡಿಸ್ಕ್ ಆದರೆ ಇಷ್ಟವಾಗದಿದ್ದರೆ ಮಾರಬಹುದು. ಭಾಷೆ ಗೊತ್ತಿಲ್ಲದ ಗೇಮಿಗೆ ಇದು ಸಣ್ಣ ವಿಷಯವಲ್ಲ.

ಪ್ರಶ್ನೆ: ಇಂಪೋರ್ಟ್ ಕೊಳ್ಳೋರಿಂದಲೇ ನಮ್ಮಲ್ಲಿ ಗೇಮ್ ಬರೋದಿಲ್ಲ, ಕಂಪನಿಗೆ ಇಲ್ಲಿ ಗಿರಾಕಿ ಇಲ್ಲ ಅನ್ನಿಸುತ್ತೆ ಅಂತ ನನ್ನ ತಮ್ಮ ವಾದ ಮಾಡ್ತಾನೆ. ನಿಜವಾ?

ಉತ್ತರ: ನಿಮ್ಮ ತಮ್ಮನ ಮಾತಿನಲ್ಲಿ ಅರ್ಧ ಸತ್ಯ ಇದೆ. ಕಂಪನಿಗಳು ಎಣಿಸುವುದು ಆಯಾ ದೇಶದ ಮಾರಾಟವನ್ನೇ. ನೀವು ಹೊರಗೆ ಕೊಂಡದ್ದು ಹೊರಗಿನ ಲೆಕ್ಕಕ್ಕೆ ಹೋಗುತ್ತದೆ. ಕಂಪನಿಗಳು ಇಂಪೋರ್ಟ್ ವ್ಯಾಪಾರದ ಮೇಲೆ ಸಿಟ್ಟಾದದ್ದೂ ಇದೆ. ಕೈಯಲ್ಲಿ ಹಿಡಿದು ಆಡುವ ಸೋನಿಯ ಪಿಎಸ್‌ಪಿ ಜಪಾನಿನಲ್ಲಿ 2004ರ ಡಿಸೆಂಬರ್‌ನಲ್ಲಿ ಬಂದರೆ ಯುರೋಪಿಗೆ ಬಂದಿದ್ದು 2005ರ ಸೆಪ್ಟೆಂಬರ್ 1ಕ್ಕೆ. ಆ ನಡುವೆ ಹಾಂಕಾಂಗ್‌ನ ಲಿಕ್-ಸಾಂಗ್ ಅನ್ನುವ ಅಂಗಡಿ ಯುರೋಪಿನವರಿಗೆ ಕಳಿಸಿಕೊಡುತ್ತಿತ್ತು. ಸೋನಿ ಕೋರ್ಟಿಗೆ ಹೋಯಿತು, ತೀರ್ಪು ಸೋನಿಯ ಕಡೆಗಾಯಿತು, 2006ರ ಅಕ್ಟೋಬರ್‌ನಲ್ಲಿ ಆ ಅಂಗಡಿ ಬಾಗಿಲು ಹಾಕಿತು.

ಇನ್ನರ್ಧ ಕೇಳಿ. ಡೀಮನ್ಸ್ ಸೋಲ್ಸನ್ನು ಸೋನಿ ಅಮೆರಿಕ, ಯುರೋಪಿನಲ್ಲಿ ತಾನೇ ಪ್ರಕಟಿಸಲಿಲ್ಲ. ಅಲ್ಲಿನ ಜನ ಏಷ್ಯಾ ಆವೃತ್ತಿಯನ್ನು ತರಿಸಿಕೊಂಡು ಆಡಿ, ಎಲ್ಲ ಕಡೆ ಅದರ ಬಗ್ಗೆ ಬಾಯ್ತುಂಬ ಹೇಳಿದರು. ಅಮೆರಿಕದಲ್ಲಿ ಅಟ್ಲಸ್, ಯುರೋಪಿನಲ್ಲಿ ನಾಮ್ಕೊ ಬಂದೈ ಅನ್ನುವ ಕಂಪನಿಗಳು ಅದನ್ನು ತಂದವು. ಅದನ್ನು ಕೈಬಿಟ್ಟದ್ದು ತಪ್ಪಾಯಿತು ಅಂತ ಸೋನಿಯ ಗೇಮ್ ಸ್ಟುಡಿಯೋಗಳ ಮುಖ್ಯಸ್ಥರಾಗಿದ್ದ ಶುಹೆಯಿ ಯೋಶಿದಾ ಆಮೇಲೆ ಬಹಿರಂಗವಾಗಿಯೇ ಹೇಳಿದರು. ಓಯೆಂದಾನ್ ವಿಷಯವೂ ಹಾಗೇ. ಅದು ಹೊರಗೆ ಬರಲಿಲ್ಲ ನಿಜ, ಆದರೆ ಮಾರನೇ ವರ್ಷವೇ, 2006ರಲ್ಲಿ, ಅದೇ ಆಟವನ್ನು ಹೊರದೇಶದವರಿಗಾಗಿ ಹೊಸ ಹಾಡು, ಹೊಸ ಪಾತ್ರ ಹಾಕಿ ಎಲೀಟ್ ಬೀಟ್ ಏಜೆಂಟ್ಸ್ ಅಂತ ಮಾಡಿದರು.

ಬೀಗ ಇದ್ದ ಕಡೆ ಏನಾಯಿತು ಅನ್ನೋದನ್ನೂ ತಮ್ಮನಿಗೆ ಹೇಳಿ. ಝೆನೊಬ್ಲೇಡ್ ಕ್ರಾನಿಕಲ್ಸ್ ವೀ ಕನ್ಸೋಲಿಗೆ ಜಪಾನಿನಲ್ಲಿ 2010ರಲ್ಲಿ ಬಂತು, ಯುರೋಪಿಗೆ 2011ರ ಆಗಸ್ಟ್‌ನಲ್ಲಿ ಇಂಗ್ಲಿಷ್‌ನಲ್ಲೇ ಬಂತು. ಅಮೆರಿಕಕ್ಕೆ ಇಲ್ಲ. ಅನುವಾದ ಪೂರ್ತಿ ಮುಗಿದು ಕಣ್ಣೆದುರಿಗೆ ಇದೆ, ವೀ ಬೀಗದಿಂದಾಗಿ ಅಮೆರಿಕದವರು ಅದನ್ನು ತರಿಸಿ ಹಾಕಿದರೂ ನಡೆಯುವುದಿಲ್ಲ. ಅವರು ಆಪರೇಷನ್ ರೇನ್‌ಫಾಲ್ ಅಂತ ಅಭಿಯಾನ ಮಾಡಿದರು, ಇನ್ನೂ ಬರದ ಗೇಮಿಗೆ ಅಮೆಜಾನ್‌ನಲ್ಲಿ ಮುಂಗಡ ಬುಕ್ ಮಾಡಿ ಅದನ್ನು ಪಟ್ಟಿಯ ಮೊದಲ ಸ್ಥಾನಕ್ಕೆ ಏರಿಸಿದರು. 2012ರ ಏಪ್ರಿಲ್‌ನಲ್ಲಿ ಅಮೆರಿಕಕ್ಕೂ ಬಂತು.

ಆದ್ದರಿಂದ ನನ್ನ ನಿಲುವು ಇದು. ಇಂಪೋರ್ಟ್ ಮಾಡುವವರು ಆ ಗೇಮ್ ಮಾಡಿದವರಿಗೆ ದುಡ್ಡು ಕೊಟ್ಟೇ ಆಡುತ್ತಿದ್ದಾರೆ, ಎಲ್ಲರಿಗಿಂತ ಮುಂಚೆ ಅದರ ಬಗ್ಗೆ ಮಾತಾಡುತ್ತಿದ್ದಾರೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ತುಂಬ ಇಷ್ಟವಾದ ಗೇಮ್ ಆಮೇಲೆ ನಿಮ್ಮ ದೇಶಕ್ಕೂ ಬಂದರೆ, ಕೈಯಲ್ಲಿ ಕಾಸಿದ್ದರೆ, ಅದನ್ನೂ ಒಂದು ಕೊಳ್ಳಿ. ಮುಂದಿನ ಭಾಗ ಬರಬೇಕೋ ಬೇಡವೋ ಅನ್ನುವ ಲೆಕ್ಕಕ್ಕೆ ಅದು ಸೇರುತ್ತದೆ. ಚಿಕ್ಕ ಸರಣಿಗಳಿಗೆ ಒಂದೊಂದು ಪ್ರತಿಯೂ ಮುಖ್ಯ.

ಪ್ರಶ್ನೆ: ಮೊದಲ ಸಲ ತರಿಸ್ತಿದ್ದೀನಿ. ಆರ್ಡರ್ ಮಾಡೋ ಮುಂಚೆ ಮಾರೋರನ್ನ ಏನು ಕೇಳಲಿ?

ಉತ್ತರ: ಡಬ್ಬಿಯ ಹಿಂಬದಿಯ ಫೋಟೋ ಕೇಳಿ. ಎಷ್ಟೋ ಗೇಮ್‌ಗಳ ಹಿಂದೆ ಯಾವ ಯಾವ ಭಾಷೆ ಇದೆ ಅಂತ ಬರೆದಿರುತ್ತದೆ. ಸ್ವಿಚ್ ಕಾಲದಲ್ಲಿ ಜಪಾನಿನ ಡಬ್ಬಿಯೊಳಗೇ ಇಂಗ್ಲಿಷ್ ಇರುವುದು ಸಾಮಾನ್ಯ ಆಗಿದೆ. ಕನ್ಸೋಲಿನ ಭಾಷೆ ಇಂಗ್ಲಿಷ್‌ಗೆ ಇಟ್ಟಿದ್ದರೆ ಅಂಥ ಗೇಮ್‌ಗಳಲ್ಲಿ ಹೆಚ್ಚಿನವು ತಾವಾಗಿಯೇ ಇಂಗ್ಲಿಷ್‌ಗೆ ತಿರುಗುತ್ತವೆ. ಇದನ್ನು ನೋಡದೆ ಎಷ್ಟೋ ಜನ ವರ್ಷಗಟ್ಟಲೆ ಸುಮ್ನೆ ಕಾದಿದ್ದಾರೆ. ಡಬ್ಬಿಯೊಳಗೆ ನಿಜವಾಗಿ ಡಿಸ್ಕ್ ಇದೆಯಾ, ಬರೀ ಡೌನ್‌ಲೋಡ್ ಕೋಡ್ ಇರುವ ಚೀಟಿಯಾ ಅಂತಲೂ ಕೇಳಿ, ಕೋಡ್ ಆದರೆ ಅದು ಆ ದೇಶದ ಅಕೌಂಟಿಗೆ ಮಾತ್ರ ನಡೆಯುವುದು ಹೆಚ್ಚು. ಕಸ್ಟಮ್ಸ್ ಸುಂಕ ಬೆಲೆಯಲ್ಲಿ ಸೇರಿದೆಯಾ, ಬಾಗಿಲಲ್ಲಿ ನೀವು ಕಟ್ಟಬೇಕಾ ಅಂತ ಬರಹದಲ್ಲೇ ಉತ್ತರ ಪಡೆಯಿರಿ. ಕನ್ಸೋಲ್ ತರಿಸುತ್ತಿದ್ದರೆ ಅದರ ವಾರಂಟಿ ಸಾಮಾನ್ಯವಾಗಿ ಕೊಂಡ ದೇಶದಲ್ಲಿ ಮಾತ್ರ ನಡೆಯುವುದು, ರಿಪೇರಿ ಖರ್ಚು ನಿಮ್ಮದೇ ಅಂತ ಇಟ್ಟುಕೊಳ್ಳಿ. ಪಾರ್ಸೆಲ್ ಬಂದ ದಿನವೇ ತೆರೆದು ಹಾಕಿ ನೋಡಿ, ವಾಪಸ್ ಮಾಡುವ ಗಡುವು ಸಾಮಾನ್ಯವಾಗಿ ಶುರುವಾಗುವುದು ಅದು ನಿಮ್ಮ ಕೈ ಸೇರಿದ ದಿನದಿಂದ.